ಇದು ಯಾರ ಮದುವೆಯ ಹಸೆ?

ಪೀಸಾದ ರೈಲ್ವೆ ಸ್ಟೇಷನ್‌ನಿಂದ ಹೊರಗೆ ಬಂದು ಐದು ನಿಮಿಷ ನಡೆದರೆ ಸಾಂತ್ ಆಂತೋನಿಯೋ ಚರ್ಚು ಸಿಗುತ್ತದೆ. ಅದಕ್ಕೆ ಸೇರಿದ ಕಟ್ಟಡದ ಹಿಂದಿನ ಗೋಡೆ ಪೂರ್ತಿ ಒಂದು ಚಿತ್ರ. ಊರು ನೋಡಲು ಬಂದವರಲ್ಲಿ ಹೆಚ್ಚಿನವರು ಅದನ್ನು ದಾಟಿ ವಾಲಿದ ಗೋಪುರದ ಕಡೆ ನಡೆದುಬಿಡುತ್ತಾರೆ. ನಾನೂ ಹಾಗೇ ಹೊರಟಿದ್ದೆ. ಆಫೀಸಿನ ಕೆಲಸಕ್ಕೆ ಇಟಲಿಗೆ ಹೋಗಿದ್ದೆ, ನಡುವೆ ಒಂದು ಭಾನುವಾರ ಸಿಕ್ಕಿತ್ತು, ಮಧ್ಯಾಹ್ನದ ರೈಲಿಗೆ ವಾಪಸ್ ಹೋಗಬೇಕಿತ್ತು. ಗೋಡೆ ಕಂಡಮೇಲೆ ಆ ರೈಲು ತಪ್ಪಿತು. ಎದುರಿಗಿದ್ದ ಕಾಫಿ ಅಂಗಡಿಯ ಹೊರಗೆ ಕುರ್ಚಿ ಹಾಕಿದ್ದರು. ಅಲ್ಲಿ ಕೂತವನು ಏಳಲಿಲ್ಲ.

ಚಿತ್ರದ ಹೆಸರು 'ತುತ್ತೋಮೊಂದೊ'. ಇಡೀ ಜಗತ್ತು ಅಂತ ಅರ್ಥ. ಗೋಡೆಯ ಅಳತೆ ಸುಮಾರು 180 ಚದರ ಮೀಟರ್. ಅದರ ತುಂಬ 30 ಆಕೃತಿಗಳು, ಒಂದರ ಸಂದಿಗೆ ಇನ್ನೊಂದು ಸರಿಯಾಗಿ ಕೂತಿವೆ. ಒಬ್ಬನ ಮೊಣಕಾಲು ಮಡಚಿದ ಜಾಗದಲ್ಲಿ ಇನ್ನೊಬ್ಬನ ತಲೆ, ಅವನ ಕೈ ಚಾಚಿದ ಕಡೆ ಮತ್ತೊಬ್ಬನ ಬೆನ್ನು. ಹೆಚ್ಚಿನವರಿಗೆ ಕಣ್ಣು, ಮೂಗು ಇಲ್ಲ. ಗಂಡೋ ಹೆಣ್ಣೋ ಅಂತ ಹೇಳಲು ಬರುವುದಿಲ್ಲ. ಒಬ್ಬಳು ತಾಯಿ ಮಾತ್ರ ಗುರುತಾಗುತ್ತಾಳೆ, ಮಗುವನ್ನು ಎತ್ತಿಕೊಂಡಿದ್ದಾಳೆ. ಇಬ್ಬರು ಸೇರಿ ಒಂದು ಡಾಲ್ಫಿನ್ ಹೊತ್ತಿದ್ದಾರೆ. ಇನ್ನಿಬ್ಬರು ಸೇರಿ ಕತ್ತರಿ ಆಗಿದ್ದಾರೆ, ಅವರ ಮೈಯೇ ಕತ್ತರಿ. ಆ ಕತ್ತರಿಗೆ ಒಂದು ಹಾವು ಸಿಕ್ಕಿಕೊಂಡಿದೆ. ಹಾವು ಪಕ್ಕದವನ ತಲೆಯನ್ನು ಆಗಲೇ ಬಾಯಿಗೆ ಹಾಕಿಕೊಂಡುಬಿಟ್ಟಿದೆ.

ಇದನ್ನು ಬರೆದವರು ಅಮೆರಿಕದ ಕೀತ್ ಹೇರಿಂಗ್. 1989ರ ಜೂನ್‌ನಲ್ಲಿ. ಆಗ ಅವರಿಗೆ 31 ವರ್ಷ, ಏಡ್ಸ್ ಇತ್ತು. ಎಂಟು ತಿಂಗಳ ಮೇಲೆ, 1990ರ ಫೆಬ್ರವರಿ 16ರಂದು ತೀರಿಕೊಂಡರು. ಇಷ್ಟು ದೊಡ್ಡ ಗೋಡೆ ಚಿತ್ರ ಅವರು ಮತ್ತೆ ಬರೆಯಲಿಲ್ಲ.

ಅವರ ಹೆಸರು ನನಗೆ ಹೊಸದಾಗಿರಲಿಲ್ಲ. ಟೀ ಶರ್ಟ್ ಮೇಲೆ, ಮೊಬೈಲ್ ಕವರ್ ಮೇಲೆ ಆ ಕುಣಿಯುವ ಗೊಂಬೆಗಳನ್ನು ನೀವೂ ನೋಡಿರುತ್ತೀರಿ. ಅವರು ಗೇ ಅಂತಲೂ ಗೊತ್ತಿತ್ತು. ಆದರೆ ಅವತ್ತು ಆ ಗೋಡೆ ಎದುರು ಕೂತಾಗ ನೆನಪಿಗೆ ಬಂದದ್ದು ನಮ್ಮ ಅಜ್ಜಿ. ಅದು ಯಾಕೆ ಅಂತ ಹೇಳುವುದಕ್ಕೇ ಈ ಬರಹ.

ನನ್ನೂರು ಸಾಗರ ತಾಲೂಕಿನ ಒಂದು ಹಳ್ಳಿ. ನಮ್ಮ ದೀವರ ಮನೆಗಳಲ್ಲಿ ಮದುವೆ ಅಂದರೆ ಗೋಡೆ ಮೇಲೆ ಹಸೆ ಬರೆಯಬೇಕು. ಹಸೆ ಚಿತ್ತಾರ ಅಂತ ಈಗ ಎಲ್ಲರಿಗೂ ಗೊತ್ತು, ಮೇಳಗಳಲ್ಲಿ ಫ್ರೇಮ್ ಹಾಕಿ ಮಾರುತ್ತಾರೆ. ನಾನು ಚಿಕ್ಕವನಾಗಿದ್ದಾಗ ಅದು ಮದುವೆ ಮನೆಯ ಕೆಲಸಗಳಲ್ಲಿ ಒಂದು, ಅಷ್ಟೆ. ಚಪ್ಪರ ಹಾಕುವುದು ಗಂಡಸರದು, ಹಸೆ ಬರೆಯುವುದು ಹೆಂಗಸರದು. ಮೊದಲು ಗೋಡೆಗೆ ಕೆಮ್ಮಣ್ಣು ಬಳಿದು ಒಣಗಿಸಬೇಕು. ಅಕ್ಕಿ ನೆನೆಹಾಕಿ ನುಣ್ಣಗೆ ಅರೆದರೆ ಬಿಳಿ. ಅಕ್ಕಿಯನ್ನು ಕಪ್ಪಾಗುವವರೆಗೆ ಹುರಿದು ಅರೆದರೆ ಕಪ್ಪು. ಗುರಿಗೆ ಕಾಯಿಯಿಂದ ಹಳದಿ. ಪುಂಡಿ ನಾರಿನ ತುದಿ ಜಜ್ಜಿದರೆ ಕುಂಚ. ಅಂಗಡಿಯಿಂದ ತರುವಂಥದ್ದು ಏನೂ ಇಲ್ಲ.

ಅಜ್ಜಿ ಬರೆಯುವುದನ್ನು ನೋಡಬೇಕಿತ್ತು. ಪೆನ್ಸಿಲ್ ಗುರುತು ಇಲ್ಲ, ಸ್ಕೇಲ್ ಇಲ್ಲ. ನಾರನ್ನು ಬಿಳಿಯಲ್ಲಿ ಅದ್ದಿ, ಹೆಚ್ಚಾದದ್ದನ್ನು ಬಟ್ಟಲಿನ ಅಂಚಿಗೆ ಒರೆಸಿ, ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಎಳೆಯುತ್ತಿದ್ದಳು. ಆ ಗೆರೆಗೆ ನಮ್ಮಲ್ಲಿ 'ಎಳೆ' ಅಂತಲೇ ಹೆಸರು. ಎಳೆ ಮುಗಿಯುವವರೆಗೆ ಅವಳು ಮಾತಾಡುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಹೆಂಗಸರು ಮಾತ್ರ ಹಾಡು ಹೇಳುತ್ತಲೇ ಇರುತ್ತಿದ್ದರು. ಬಂದುಹೋಗುವ ನೆಂಟರು ನಿಂತು ನೋಡುತ್ತಿದ್ದರು, ಮಕ್ಕಳು ಮೈಮೇಲೆ ಬೀಳುತ್ತಿದ್ದರು, ಯಾರೋ ಕಾಫಿ ಬೇಕಾ ಅಂತ ಕೇಳುತ್ತಿದ್ದರು. ಆ ಗದ್ದಲದ ನಡುವೆ ಎಳೆ ನೆಟ್ಟಗೆ ಹೋಗುತ್ತಿತ್ತು.

ನನಗೆ ಬರೆಯುವ ಆಸೆ ಇತ್ತು. ತುಂಬ ಇತ್ತು. "ಗಂಡು ಹುಡ್ಗ ಹಸೆ ಬರಿತಾನೇನೆ?" ಅಂತ ದೊಡ್ಡಮ್ಮ ಒಬ್ಬರು ನಕ್ಕಿದ್ದು ಇವತ್ತಿಗೂ ಕಿವಿಯಲ್ಲಿದೆ. ಆಗ ನನಗೆ ಒಂಬತ್ತೋ ಹತ್ತೋ ವರ್ಷ. ಅಜ್ಜಿ ಏನೂ ಹೇಳಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ನನ್ನನ್ನು ಎಬ್ಬಿಸಿ, ಚಿತ್ತಾರದ ಕೆಳಗಿನ ಮೂಲೆಯಲ್ಲಿ ಒಂದು ಚೌಕ ತೋರಿಸಿ, ಕೈಗೆ ನಾರು ಕೊಟ್ಟಳು. ಚೌಕದ ಸುತ್ತ ಅವಳ ಎಳೆ ಇತ್ತು. ಒಳಗೆ ನಾನು ತುಂಬಿದೆ. ಬೆಳಿಗ್ಗೆ ನೋಡಿದವರಿಗೆ ಗೊತ್ತಾಗಲಿಲ್ಲ. "ನಿನ್ ಮದ್ವೆ ಹಸೆ ನಾನೇ ಬರಿತೀನಿ ಮಗಾ, ಅಲ್ಲೀವರ್ಗೆ ಕಣ್ ಕಾಣ್ಸಿದ್ರೆ ಸಾಕು" ಅಂದಿದ್ದಳು.

ಕೀತ್ ಹೇರಿಂಗ್ ಬಗ್ಗೆ ಓದುತ್ತಾ ಹೋದಂತೆ ಆ ರಾತ್ರಿ ಮತ್ತೆ ಮತ್ತೆ ನೆನಪಾಯಿತು.

ಅವರು ಹುಟ್ಟಿದ್ದು 1958ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ಬೆಳೆದದ್ದು ಕಟ್ಜ್‌ಟೌನ್ ಅನ್ನುವ ಚಿಕ್ಕ ಊರಿನಲ್ಲಿ. ಕಾರ್ಟೂನ್ ಬರೆಯಲು ಕಲಿಸಿದ್ದು ಅಪ್ಪ. 1978ರಲ್ಲಿ ನ್ಯೂಯಾರ್ಕಿಗೆ ಬಂದು ಸ್ಕೂಲ್ ಆಫ್ ವಿಷುವಲ್ ಆರ್ಟ್ಸ್ ಸೇರಿದರು. ಚಿಕ್ಕ ಊರಿನ ಎಷ್ಟೋ ಗೇ ಹುಡುಗರ ಹಾಗೆ ಅವರಿಗೂ ದೊಡ್ಡ ಊರಿನಲ್ಲೇ ಉಸಿರಾಡಲು ಜಾಗ ಸಿಕ್ಕಿದ್ದು. ನನಗೂ ಬೆಂಗಳೂರಿಗೆ ಬಂದಮೇಲೇ ಸಿಕ್ಕಿತು.

1980ರ ಸುಮಾರಿಗೆ ಒಂದು ದಿನ ನೆಲದಡಿಯ ರೈಲಿನ ಸ್ಟೇಷನ್‌ನಲ್ಲಿ ಅವರು ಒಂದು ಖಾಲಿ ಹಲಗೆ ನೋಡಿದರು. ಜಾಹೀರಾತಿನ ಅವಧಿ ಮುಗಿದರೆ, ಹೊಸದು ಬರುವ ತನಕ ಆ ಜಾಗಕ್ಕೆ ಕಪ್ಪು ಕಾಗದ ಅಂಟಿಸುತ್ತಿದ್ದರು. ಅವರು ಮೆಟ್ಟಿಲು ಹತ್ತಿ ಮೇಲೆ ಓಡಿ, ಅಂಗಡಿಯಲ್ಲಿ ಒಂದು ಡಬ್ಬಿ ಬಿಳಿ ಸೀಮೆಸುಣ್ಣ ಕೊಂಡು, ಮತ್ತೆ ಕೆಳಗಿಳಿದು ಆ ಕಪ್ಪಿನ ಮೇಲೆ ಬರೆದರು. ಆಮೇಲೆ ಐದು ವರ್ಷ ಹಾಗೇ ಬರೆದರು. ಕೆಲವು ದಿನ ಮೂವತ್ತು, ನಲವತ್ತು ಚಿತ್ರ. ತೆವಳುವ ಮಗು, ಅದರ ಮೈಯಿಂದ ಹೊರಡುವ ಬೆಳಕಿನ ಗೆರೆಗಳು. ಬೊಗಳುವ ನಾಯಿ. ಹಾರುವ ತಟ್ಟೆ. ಕೈ ಮೇಲೆತ್ತಿ ಕುಣಿಯುವವರು.

ಪೊಲೀಸರು ಹಿಡಿಯುತ್ತಿದ್ದರು, ದಂಡ ಹಾಕುತ್ತಿದ್ದರು. ಹಾಗಾಗಿ ಬೇಗ ಬರೆಯಬೇಕು. ಅಳಿಸಿ ತಿದ್ದಲು ಹೊತ್ತಿಲ್ಲ. ಸೀಮೆಸುಣ್ಣ ಒಮ್ಮೆ ತಾಗಿತು ಅಂದರೆ ಆ ಗೆರೆ ಇದ್ದ ಹಾಗೇ ಉಳಿಯಬೇಕು. ಸುತ್ತ ಜನ ನಿಂತಿರುತ್ತಿದ್ದರು, ರೈಲು ಬರುವ ತನಕ ನೋಡುತ್ತಿದ್ದರು, ಏನಿದು ಅಂತ ಕೇಳುತ್ತಿದ್ದರು. ಕೇಳಿದವರ ಕೈಗೆ ಕೀತ್ ತಮ್ಮ ಮಗುವಿನ ಚಿತ್ರ ಇದ್ದ ಒಂದು ಬ್ಯಾಡ್ಜ್ ಕೊಡುತ್ತಿದ್ದರು. ಚಿತ್ರ ಉಳಿಯುತ್ತಿರಲಿಲ್ಲ. ಯಾರೋ ಒರೆಸುತ್ತಿದ್ದರು, ಇಲ್ಲವೇ ಮೇಲೆ ಹೊಸ ಜಾಹೀರಾತು ಬರುತ್ತಿತ್ತು. ಕಡೆಗೆ ಅವರ ಹೆಸರು ದೊಡ್ಡದಾಗಿ, ಜನ ಆ ಕಾಗದಗಳನ್ನೇ ಕಿತ್ತು ಮಾರಲು ಶುರುಮಾಡಿದರು. ಆಗ ಅದನ್ನು ನಿಲ್ಲಿಸಿದರು.

ಇವತ್ತು ನಾವು ಆ ಚಿತ್ರಗಳನ್ನು ನೋಡುತ್ತಿದ್ದರೆ ಅದಕ್ಕೆ ಮುಖ್ಯ ಕಾರಣ ಒಬ್ಬ ಗೆಳೆಯ. ತ್ಸೆಂಗ್ ಕ್ವಾಂಗ್ ಚಿ. ಕೀತ್ ಎಲ್ಲೆಲ್ಲಿ ಬರೆದರೋ ಆ ಸ್ಟೇಷನ್‌ಗಳಿಗೆಲ್ಲ ಕ್ಯಾಮೆರಾ ಹಿಡಿದು ಹೋಗಿ, ಅಳಿಸಿಹೋಗುವ ಮೊದಲು ಫೋಟೊ ತೆಗೆದರು. ಅವರೂ ಗೇ. ಕೀತ್ ತೀರಿಕೊಂಡ ಮೂರೇ ವಾರಕ್ಕೆ, 1990ರ ಮಾರ್ಚ್ 10ರಂದು, ಅವರನ್ನೂ ಏಡ್ಸ್ ಕೊಂದಿತು. ಎರಡು ತಾರೀಕುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಆ ಕಾಲ ಹೇಗಿತ್ತು ಅಂತ ಸ್ವಲ್ಪ ಅಂದಾಜಾಗುತ್ತದೆ.

ಗ್ಯಾಲರಿಗಳು, ಹಣ, ಹೆಸರು ಎಲ್ಲ ಬಂತು. 1986ರಲ್ಲಿ ಪಾಪ್ ಶಾಪ್ ಅನ್ನುವ ಅಂಗಡಿ ತೆರೆದು ತಮ್ಮ ಚಿತ್ರದ ಟೀ ಶರ್ಟ್, ಪೋಸ್ಟರ್ ಮಾರಿದರು. ಕಲೆಯನ್ನು ವ್ಯಾಪಾರ ಮಾಡಿಬಿಟ್ಟ ಅಂತ ಬೈದವರಿದ್ದರು. ಆ ವಾದ ನನಗೆ ಯಾವತ್ತೂ ಹಿಡಿಸಿಲ್ಲ. ಸಾವಿರಾರು ಡಾಲರ್ ಕೊಟ್ಟು ಒಂದು ಚಿತ್ರ ಕೊಳ್ಳಲಾಗದವರು ಒಂದು ಬ್ಯಾಡ್ಜ್ ಕೊಂಡರೆ ಯಾರಿಗೆ ನಷ್ಟ? ನನಗೆ ಹೆಚ್ಚು ಮುಖ್ಯ ಅನಿಸುವುದು ಆ ಹೆಸರು, ಹಣ ಎಲ್ಲ ಬಂದಮೇಲೂ ಅವರು ಬೀದಿಯ ಗೋಡೆಗಳನ್ನು ಬಿಡಲಿಲ್ಲ ಅನ್ನುವುದು. ಅದರಲ್ಲಿ ಎಷ್ಟೋ ಗೋಡೆಗಳಿಗೆ ಅವರು ಕಾಸು ತೆಗೆದುಕೊಳ್ಳಲಿಲ್ಲ.

ಹಾರ್ಲೆಮ್‌ನ ಗೋಡೆಯನ್ನೇ ನೋಡಿ. 1986ರಲ್ಲಿ ನ್ಯೂಯಾರ್ಕಿನ ತುಂಬ ಕ್ರ್ಯಾಕ್ ಅನ್ನುವ ಅಗ್ಗದ ಕೊಕೇನ್ ಹರಡಿತ್ತು. ಕೀತ್ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗನೂ ಅದಕ್ಕೆ ಬಿದ್ದಿದ್ದ. ಅವನನ್ನು ಬಿಡಿಸಲು ಹೋಗಿ, ಚಿಕಿತ್ಸೆಗೆ ಜಾಗವೇ ಸಿಗದೆ ಕೀತ್ ರೋಸಿಹೋದರು. ಹೆದ್ದಾರಿ ಪಕ್ಕ ಒಂದು ಆಟದ ಮೈದಾನ, ಅಲ್ಲಿ ಹ್ಯಾಂಡ್‌ಬಾಲ್ ಆಡುವ ಒಂಟಿ ಗೋಡೆ. ಹೋಗಿಬರುವ ಎಲ್ಲ ಕಾರಿನವರಿಗೂ ಕಾಣುವಂಥದ್ದು. ಅಪ್ಪಣೆ ಕೇಳದೆ, ಒಂದು ದಿನದಲ್ಲಿ, ಕಿತ್ತಳೆ ಬಣ್ಣದ ಮೇಲೆ ಕಪ್ಪು ಗೆರೆಯಲ್ಲಿ 'ಕ್ರ್ಯಾಕ್ ಈಸ್ ವ್ಯಾಕ್' ಅಂತ ದೊಡ್ಡದಾಗಿ ಬರೆದರು. ಕ್ರ್ಯಾಕ್ ಹಾಳು ಅಂತ. ಪೊಲೀಸರು ಹಿಡಿದು ಕೇಸು ಹಾಕಿದರು. ಪತ್ರಿಕೆ, ಟಿವಿ ಎಲ್ಲ ಅವರ ಪರ ನಿಂತವು. ಅಷ್ಟರಲ್ಲಿ ಗೋಡೆಗೆ ಬೂದು ಬಣ್ಣ ಬಳಿದು ಚಿತ್ರ ಮುಚ್ಚಿಬಿಟ್ಟರು. ಆಮೇಲೆ ನಗರದ ಪಾರ್ಕ್ ಇಲಾಖೆಯೇ ಕರೆದು ಮತ್ತೆ ಬರೆಯಿರಿ ಅಂತ ಕೇಳಿಕೊಂಡಿತು. ಅಕ್ಟೋಬರ್‌ನಲ್ಲಿ ಹೋಗಿ ಗೋಡೆಯ ಎರಡೂ ಕಡೆ ಬರೆದು ಬಂದರು. ಅದು ಇವತ್ತಿಗೂ ಇದೆ.

ಅದೇ ತಿಂಗಳು ಬರ್ಲಿನ್ ಗೋಡೆಯ ಮೇಲೂ ಬರೆದರು. ಹಳದಿ ಹಿನ್ನೆಲೆ, ಅದರ ಮೇಲೆ ಕೆಂಪು, ಕಪ್ಪು ಮನುಷ್ಯರ ಸರಪಳಿ, ಎರಡು ಜರ್ಮನಿಗಳ ಬಾವುಟದಲ್ಲೂ ಇದ್ದ ಮೂರು ಬಣ್ಣ. ಸ್ವಲ್ಪ ಸಮಯಕ್ಕೇ ಬೇರೆಯವರು ಅದರ ಮೇಲೆ ಬಣ್ಣ ಬಳಿದರು. ಮೂರು ವರ್ಷಕ್ಕೆ ಗೋಡೆಯೇ ಬಿತ್ತು.

ಆದರೆ ನಾನು ಜಾಸ್ತಿ ಹೊತ್ತು ನಿಲ್ಲಬೇಕು ಅಂದುಕೊಂಡಿರುವುದು ಮಕ್ಕಳ ಜೊತೆ ಮಾಡಿದ ಚಿತ್ರಗಳ ಹತ್ತಿರ. 1986ರಲ್ಲಿ ಲಿಬರ್ಟಿ ಪ್ರತಿಮೆಗೆ ನೂರು ವರ್ಷ ತುಂಬಿತು. ಆಗ ಒಂದು ದೊಡ್ಡ ಬ್ಯಾನರ್ ಮಾಡಿದರು, ಎಷ್ಟೋ ಮಹಡಿ ಎತ್ತರದ್ದು. ಪ್ರತಿಮೆಯ ಹೊರಗೆರೆಯನ್ನು ಕೀತ್ ಬರೆದರು. ನ್ಯೂಯಾರ್ಕಿನ ಸುಮಾರು 1,000 ಹುಡುಗ ಹುಡುಗಿಯರು ಬಂದು ಅದರ ಒಳಗೆ ತಮಗೆ ತೋಚಿದ್ದು ಬರೆದರು, ತಮ್ಮ ಮಾತು, ತಮ್ಮ ಹೆಸರು, ತಮ್ಮ ಚಿತ್ರ. 1989ರ ಮೇ ತಿಂಗಳಲ್ಲಿ ಶಿಕಾಗೋದ ಗ್ರಾಂಟ್ ಪಾರ್ಕಿನಲ್ಲಿ ಮತ್ತೆ ಅದೇ ಥರ. ಸಾಲಾಗಿ ನಿಲ್ಲಿಸಿದ ಹಲಗೆಗಳ ಮೇಲೆ ಅವರು ಕಪ್ಪು ಗೆರೆ ಎಳೆದುಕೊಂಡು ಹೋದರು. ಸರ್ಕಾರಿ ಶಾಲೆಗಳ ಸುಮಾರು 500 ಮಕ್ಕಳು ಬಣ್ಣ ತುಂಬಿದರು.

ಗೆರೆ ಒಬ್ಬರದು, ಒಳಗಿನದು ಎಲ್ಲರದು. ಪೀಸಾದಲ್ಲೂ ಇದೇ ಆಯಿತು. ಆ ಚಿತ್ರ ಶುರುವಾದದ್ದೇ ಪೀಸಾದ ಒಬ್ಬ ವಿದ್ಯಾರ್ಥಿ ನ್ಯೂಯಾರ್ಕಿನ ಬೀದಿಯಲ್ಲಿ ಕೀತ್‌ರನ್ನು ಕಂಡು ಮಾತಾಡಿಸಿದ್ದರಿಂದ. ನಮ್ಮೂರಿಗೆ ಬನ್ನಿ ಅಂತ ಕರೆದ, ಇವರು ಹೋದರು. ಕಪ್ಪು ಗೆರೆ ತಾವೇ ಎಳೆದರು. ಬಣ್ಣ ತುಂಬಲು ಅಲ್ಲಿನ ವಿದ್ಯಾರ್ಥಿಗಳು, ಪೇಂಟ್ ಕಂಪನಿಯ ಕೆಲಸಗಾರರು ಅಟ್ಟಣಿಗೆ ಹತ್ತಿದರು. ಒಂದು ವಾರ ಹಿಡಿಯಿತು. ಸಾಮಾನ್ಯವಾಗಿ ಒಂದು ದಿನದಲ್ಲಿ ಗೋಡೆ ಮುಗಿಸುವವರಿಗೆ ಅದು ತುಂಬ ದೀರ್ಘ. ಅಷ್ಟು ದಿನ ಊರಿನವರು ರಸ್ತೆಯಲ್ಲಿ ನಿಂತು ನೋಡಿದರು, ಅಭಿಪ್ರಾಯ ಹೇಳಿದರು, ಹುಡುಗರು ಹಾಡು ಹಾಕಿಕೊಂಡು ಕುಣಿದರು.

ಈ ಒಂದು ರೀತಿ ನನಗೆ ಅಜ್ಜಿಯಿಂದ ಗೊತ್ತಿತ್ತು. ಹೊರಗಿನ ಎಳೆ ಗಟ್ಟಿಯಾಗಿದ್ದರೆ ಒಳಗೆ ಯಾರು ತುಂಬಿದರೂ ಚಿತ್ತಾರ ಕೆಡುವುದಿಲ್ಲ. ಕೈ ನಡುಗುವ ಹುಡುಗಿ, ಮೊದಲ ಸಲ ನಾರು ಹಿಡಿದ ಸೊಸೆ, ನಿದ್ದೆಗಣ್ಣಿನ ಮೊಮ್ಮಗ, ಯಾರು ಬೇಕಾದರೂ ಬರಬಹುದು. ಬರೆಯುವವರು ತಮ್ಮ ಕೈಚಳಕ ತೋರಿಸಲು ಹೊರಟರೆ ಇದು ಆಗುವುದಿಲ್ಲ. ಬೇರೆಯವರಿಗೆ ಜಾಗ ಬಿಟ್ಟು ಗೆರೆ ಎಳೆಯಬೇಕು. ಅದಕ್ಕೆ ಹೆಚ್ಚು ಪಳಗಿದ ಕೈ ಬೇಕು, ಅಲ್ವಾ?

ಪ್ಯಾರಿಸ್‌ನ ನೆಕರ್ ಮಕ್ಕಳ ಆಸ್ಪತ್ರೆಯಲ್ಲಿ 27 ಮೀಟರ್ ಎತ್ತರದ ಮೆಟ್ಟಿಲ ಗೋಪುರಕ್ಕೆ 1987ರಲ್ಲಿ ಅವರು ಚಿತ್ರ ಬರೆದರು. ಆಪರೇಷನ್‌ಗೆ ಬಂದ ಮಕ್ಕಳಿಗೆ ಕಿಟಕಿಯಿಂದ ಕಾಣಲಿ ಅಂತ. ನಂತರ ಆ ಹಳೆಯ ಕಟ್ಟಡ ಕೆಡವಿದಾಗಲೂ ಗೋಪುರವನ್ನು ಮಾತ್ರ ಉಳಿಸಿಕೊಂಡು, ಚಿತ್ರವನ್ನು ಸರಿಪಡಿಸಿದರು.

ಮರುವರ್ಷ, 1988ರಲ್ಲಿ, ಅವರಿಗೆ ಏಡ್ಸ್ ಇರುವುದು ಗೊತ್ತಾಯಿತು.

ನಮ್ಮ ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ ತೊಂಬತ್ತರ ದಶಕದಲ್ಲಿ ಏಡ್ಸ್ ಬಗ್ಗೆ ಒಂದು ಬರಹ ಇತ್ತು. ಕೆಂಪು ಅಕ್ಷರ, ಪಕ್ಕದಲ್ಲಿ ಒಂದು ತಲೆಬುರುಡೆ. ಮಹಾಮಾರಿ ಅಂತ ಬರೆದಿತ್ತು. ಶಾಲೆಗೆ ಹೋಗುವಾಗ ದಿನಾ ಅದರ ಮುಂದೆ ನಿಂತು ಬಸ್ಸಿಗೆ ಕಾಯುತ್ತಿದ್ದೆ. ಹದಿನಾಲ್ಕು ವರ್ಷ ಆಗುವ ಹೊತ್ತಿಗೆ ನನ್ನ ಬಗ್ಗೆ ನನಗೆ ಸ್ವಲ್ಪ ಸ್ವಲ್ಪ ತಿಳಿಯತೊಡಗಿತ್ತು. ನಾನು ಯಾರನ್ನೂ ಮುಟ್ಟಿರಲಿಲ್ಲ, ಯಾರಿಗೂ ಏನೂ ಹೇಳಿರಲಿಲ್ಲ. ಆದರೂ ಆ ತಲೆಬುರುಡೆ ನನಗೇ ಬರೆದದ್ದು ಅನಿಸುತ್ತಿತ್ತು. ಗೋಡೆಗೆ ಬೆನ್ನು ಹಾಕಿ ನಿಲ್ಲುತ್ತಿದ್ದೆ.

ಅದಕ್ಕೇ ಬಾರ್ಸಿಲೋನಾದ ಗೋಡೆಯ ಫೋಟೊ ಮೊದಲ ಸಲ ನೋಡಿದಾಗ ನನಗೆ ಅಳು ಬಂತು. 1989ರ ಫೆಬ್ರವರಿಯಲ್ಲಿ ಕೀತ್ ಆ ಊರಿಗೆ ಹೋಗಿದ್ದರು. ರವಾಲ್ ಅನ್ನುವ ಬಡ ಕೇರಿ, ರಸ್ತೆಯಲ್ಲೇ ಸಿರಿಂಜುಗಳು ಬಿದ್ದಿರುತ್ತಿದ್ದ ಜಾಗ. ಅಲ್ಲೇ ಗೋಡೆ ಬೇಕು ಅಂತ ಅವರೇ ಆರಿಸಿಕೊಂಡರು. ಸುಮಾರು ಐದು ಗಂಟೆಯಲ್ಲಿ ಮುಗಿಸಿದರು, ಒಂದೇ ಬಣ್ಣದಲ್ಲಿ, ರಕ್ತದ ಕೆಂಪಿನಲ್ಲಿ. ಸಿರಿಂಜಿಗೆ ಸುತ್ತಿಕೊಂಡ ಹಾವು ಇದೆ, ಭಯ ಇದೆ, ಏನನ್ನೂ ಮುಚ್ಚಿಟ್ಟಿಲ್ಲ. ಆದರೆ ಮೇಲೆ ಬರೆದ ಮಾತು ಇದು: ಎಲ್ಲರೂ ಸೇರಿದರೆ ಏಡ್ಸ್ ತಡೆಯಬಹುದು. ತಾನೇ ಆ ಕಾಯಿಲೆ ಹೊತ್ತುಕೊಂಡು, ಬಗ್ಗಿ ನಿಂತು, ಗೋಡೆಗೆ ಅದನ್ನು ಬರೆದರು. ಆ ಗೋಡೆ ಈಗ ಇಲ್ಲ, ಕಟ್ಟಡ ಕೆಡವಿದರು. ಮೊದಲೇ ಅಚ್ಚು ತೆಗೆದುಕೊಂಡಿದ್ದರಿಂದ 2014ರಲ್ಲಿ ಹತ್ತಿರದ ಕಲಾ ಮ್ಯೂಸಿಯಮ್ಮಿನ ಪಕ್ಕ ಅದೇ ಚಿತ್ರವನ್ನು ಮತ್ತೆ ಬರೆದಿದ್ದಾರೆ. ನನ್ನ ಬಸ್ ಸ್ಟ್ಯಾಂಡಿನಲ್ಲಿ ತಲೆಬುರುಡೆಯ ಬದಲು ಆ ಒಂದು ಮಾತು ಇದ್ದಿದ್ದರೆ ನನ್ನ ಹದಿನಾಲ್ಕನೇ ವಯಸ್ಸು ಬೇರೆ ಥರ ಇರುತ್ತಿತ್ತು. ಇದನ್ನು ನಾನು ಪೂರ್ತಿ ನಂಬುತ್ತೇನೆ.

ಅದೇ 1989ರಲ್ಲಿ ನ್ಯೂಯಾರ್ಕಿನ ಲೆಸ್ಬಿಯನ್ ಮತ್ತು ಗೇ ಸಮುದಾಯ ಕೇಂದ್ರದಲ್ಲಿ, ಪೊಲೀಸರ ದಬ್ಬಾಳಿಕೆಗೆ ಗೇ ಜನ ತಿರುಗಿಬಿದ್ದ ಸ್ಟೋನ್‌ವಾಲ್ ಹೋರಾಟಕ್ಕೆ 20 ವರ್ಷ ತುಂಬಿದ ನೆನಪಿಗೆ, ಬೇರೆ ಬೇರೆ ಕಲಾವಿದರಿಗೆ ಗೋಡೆ ಕೊಟ್ಟಿದ್ದರು. ಕೀತ್ ತೆಗೆದುಕೊಂಡದ್ದು ಎರಡನೇ ಮಹಡಿಯ ಗಂಡಸರ ಶೌಚಾಲಯ. ಬಿಳಿ ಗೋಡೆಯ ಮೇಲೆ ಕಪ್ಪು ಗೆರೆ, ಏಡ್ಸ್ ಬರುವ ಮುಂಚಿನ ದಿನಗಳ ಸುಖ, ಮೈಗಳು, ಆಸೆ, ಯಾವ ನಾಚಿಕೆಯೂ ಇಲ್ಲದೆ. ಇದು ಮಕ್ಕಳಿಗೆ ಬರೆದದ್ದಲ್ಲ. ತನ್ನವರಿಗೆ ಬರೆದದ್ದು. ಆಸ್ಪತ್ರೆಯ ಗೋಪುರ ಬರೆದ ಕೈ, ಇದನ್ನು ಬರೆದ ಕೈ ಒಂದೇ. ಒಂದಕ್ಕಾಗಿ ಇನ್ನೊಂದನ್ನು ಅವರು ಬಚ್ಚಿಡಲಿಲ್ಲ. ಟೀ ಶರ್ಟ್ ಮೇಲಿನ ಗೊಂಬೆ ಮಾತ್ರ ಗೊತ್ತಿದ್ದವರಿಗೆ ಈ ಕೋಣೆಯ ಬಗ್ಗೆಯೂ ಗೊತ್ತಾಗಬೇಕು ಅಂತ ನನ್ನ ಆಸೆ.

ಬೆಂಗಳೂರಿಗೆ ವಾಪಸ್ ಬಂದಮೇಲೆ ಊರಿನ ಗೋಡೆಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಇಲ್ಲೇ, 2016ರಲ್ಲಿ, ಪೂರ್ಣಿಮಾ ಸುಕುಮಾರ್ ಅವರು ಟ್ರಾನ್ಸ್ ಮಹಿಳೆಯರ ಜೊತೆ ಸೇರಿ ಅರವಾಣಿ ಆರ್ಟ್ ಪ್ರಾಜೆಕ್ಟ್ ಶುರುಮಾಡಿದ್ದರು. ಮಹಾಭಾರತದ ಅರವಾನನಿಂದ ಬಂದ ಹೆಸರು. ಟ್ರಾನ್ಸ್ ಹೆಂಗಸರು ಅಟ್ಟಣಿಗೆ ಹತ್ತಿ, ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣೆದುರಿಗೆ ಊರಿನ ಗೋಡೆ ಬರೆಯುತ್ತಾರೆ. ಬೆಂಗಳೂರಿನಿಂದ ಹೊರಟ ಆ ಕೆಲಸ 2024ರಲ್ಲಿ ಇಟಲಿಯ ದೊಡ್ಡ ಕಲಾ ಪ್ರದರ್ಶನ ವೆನಿಸ್ ಬಿಯೆನಾಲೆವರೆಗೆ ಹೋಯಿತು. ಸಿಗ್ನಲ್ಲಿನಲ್ಲಿ ಕಾರಿನ ಗಾಜು ಏರಿಸಿಕೊಳ್ಳುವವರು, ಅದೇ ಹೆಂಗಸು ಕುಂಚ ಹಿಡಿದು ನಿಂತಾಗ ನಿಂತು ನೋಡುತ್ತಾರೆ, ಮಾತಾಡಿಸುತ್ತಾರೆ. ಬರೆಯುವವರು ಎಲ್ಲರಿಗೂ ಕಾಣುವ ಹಾಗೆ ನಿಂತಿರುವುದು ನನಗೆ ಅಲ್ಲಿ ಬಣ್ಣದಷ್ಟೇ ಮುಖ್ಯವಾಗಿ ಕಾಣುತ್ತದೆ. ರೈಲ್ವೆ ಸ್ಟೇಷನ್‌ನಲ್ಲಿ ಸೀಮೆಸುಣ್ಣ ಹಿಡಿದ ಹುಡುಗನೂ ಹಾಗೇ ನಿಂತಿದ್ದ.

ಅಜ್ಜಿ ತೀರಿಕೊಂಡದ್ದು 2016ರಲ್ಲಿ. ನನ್ನ ಮದುವೆಯ ಹಸೆ ಬರೆಯಲಿಲ್ಲ. ಯಾಕೆ ಮದುವೆ ಬೇಡ ಅನ್ನುತ್ತೇನೆ ಅಂತ ಅವಳು ಒಂದು ಸಲವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ನಮ್ಮಂಥವರ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ಭಾರ ಇಳಿಸಿತು. ಮರುವರ್ಷ ಅಮ್ಮನಿಗೆ ಹೇಳಿದೆ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಕರೆಯುವುದು ನಿಲ್ಲಿಸಲಿಲ್ಲ. ಚೊಂಬು ತುಂಬಿದ ಮೇಲೆ "ಅಜ್ಜಿಗೆ ಗೊತ್ತಿತ್ತನಾ?" ಅಂದಳು. ಗೊತ್ತಿಲ್ಲ ಅಮ್ಮ ಅಂದೆ. "ಅವಳಿಗೆ ಗೊತ್ತಿತ್ತು ಕಾಣ್ತದೆ" ಅಂತ ಎದ್ದು ಒಳಗೆ ಹೋದಳು. ಅದರ ಮೇಲೆ ಎಷ್ಟೋ ದಿನ ನಮ್ಮಿಬ್ಬರಿಗೂ ಮಾತು ಸರಾಗ ಇರಲಿಲ್ಲ.

2023ರ ಅಕ್ಟೋಬರ್ 17ರಂದು ಅದೇ ಕೋರ್ಟು ನಮ್ಮಂಥವರ ಮದುವೆಗೆ ಕಾನೂನಿನ ಮಾನ್ಯತೆ ಕೊಡಲು ಒಪ್ಪಲಿಲ್ಲ. ಅವತ್ತು ರಾತ್ರಿ ಊರಿನಿಂದ ಅಮ್ಮ ಫೋನ್ ಮಾಡಿದ್ದಳು. ಟಿವಿಯಲ್ಲಿ ನೋಡಿದೆ ಅಂದಳು. ಅಡಿಕೆ ಕೊಯ್ಲಿನ ಬಗ್ಗೆ ಮಾತಾಡಿ ಇಟ್ಟಳು.

ಪೀಸಾದಿಂದ ಬಂದ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಅಮ್ಮನಿಗೆ ಫೋನಿನಲ್ಲಿ ಆ ಗೋಡೆ ತೋರಿಸಿದೆ. ಜಗಲಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಎರಡು ಬೆರಳಿನಲ್ಲಿ ಚಿತ್ರ ದೊಡ್ಡದು ಮಾಡಿ ಒಂದೊಂದೇ ಗೊಂಬೆ ನೋಡಿದಳು. ಕತ್ತರಿ ಆಗಿರುವ ಇಬ್ಬರ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಕಪ್ಪು ಗೆರೆಯ ಮೇಲೆ ಬೆರಳು ಆಡಿಸಿ "ಎಳೆ ಎಲ್ಲೂ ಕಡಿದಿಲ್ಲ" ಅಂದಳು. ಆಮೇಲೆ ಕೇಳಿದಳು, "ಇದು ಯಾರ ಮದ್ವೆಗೆ ಬರ್ದದ್ದಾ?"

ನನಗೆ ತಕ್ಷಣ ಮಾತು ಹೊರಡಲಿಲ್ಲ. "ಯಾರ ಮದ್ವೆಗೂ ಅಲ್ಲಮ್ಮ. ಸುಮ್ನೆ. ಊರಿಗೆ ಅಂತ ಬರ್ದದ್ದು" ಅಂದೆ. ಬರೆದವರು ಯಾರು, ಹೇಗಿದ್ದರು, ಹೇಗೆ ಹೋದರು ಎಲ್ಲ ಹೇಳಿದೆ. "ಮೂವತ್ತೊಂದು" ಅಂತ ವಯಸ್ಸು ಮಾತ್ರ ಒಂದು ಸಲ ತನ್ನಲ್ಲೇ ಹೇಳಿಕೊಂಡಳು.

ಈ ವರ್ಷ ಬೇಸಿಗೆ ರಜೆಯಲ್ಲಿ ನಮ್ಮೂರ ಶಾಲೆಯ ಜಗಲಿಯ ಗೋಡೆಗೆ ಕೆಮ್ಮಣ್ಣು ಬಳಿದೆವು. ಮೇಷ್ಟರು ಒಪ್ಪಿದ್ದರು. ಅಮ್ಮ, ದೊಡ್ಡಮ್ಮ, ಇನ್ನಿಬ್ಬರು ಹೆಂಗಸರು, ಊರಿನ ಹನ್ನೆರಡು ಮಕ್ಕಳು. ಹಾಡು ದೊಡ್ಡಮ್ಮನೇ ಹೇಳಿದರು. ನನ್ನ ಜೊತೆ ಬಾಳುತ್ತಿರುವ ಗೆಳೆಯನೂ ಬೆಂಗಳೂರಿನಿಂದ ಬಂದಿದ್ದ. ಅವನು ನಮ್ಮೂರಿಗೆ ಬಂದದ್ದು ಅದೇ ಮೊದಲು. ಅವನನ್ನು ಎಲ್ಲಿ ಕೂರಿಸಬೇಕು ಅಂತ ಯಾರಿಗೂ ಗೊತ್ತಾಗದೆ, ಅವನು ಸುಮ್ಮನೆ ಬಟ್ಟಲು ತೊಳೆದುಕೊಂಡು ಆಚೆ ನಿಂತಿದ್ದ.

ಮಧ್ಯಾಹ್ನದ ಹೊತ್ತಿಗೆ ಹೊರಗಿನ ಎಳೆಗಳೆಲ್ಲ ಮುಗಿದಿದ್ದವು. ಮಕ್ಕಳು ಒಳಗೆ ತುಂಬತೊಡಗಿದ್ದರು, ಕೆಲವರು ನವಿಲು, ಒಬ್ಬ ಬಸ್ಸು. ಅಮ್ಮ ಸೊಂಟ ನೀವಿಕೊಳ್ಳುತ್ತಾ ಎದ್ದು, ಗೋಡೆಯ ಕೆಳಗಿನ ಮೂಲೆಯಲ್ಲಿ ಒಂದು ಚೌಕ ಎಳೆದು ಖಾಲಿ ಬಿಟ್ಟಳು. ಅವನ ಕಡೆ ತಿರುಗಿ, "ಕೈ ನಡುಗ್ತದನಾ ನಿಂಗೆ?" ಅಂತ ಕೇಳಿದಳು. ಸ್ವಲ್ಪ ನಡುಗುತ್ತದೆ ಅಂದ.

"ಅಡ್ಡಿಲ್ಲ, ಎಳೆ ನಾ ಹಾಕಿದೀನಿ" ಅಂತ ನಾರನ್ನು ಬಿಳಿಯಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒರೆಸಿ, ಅವನ ಕೈಗೆ ಕೊಟ್ಟಳು.